ಡಾರ್ವಿನ್ನನ ಮನೆಯ ಮೌನ

ವಿಕಾಸವಾದದ ಪ್ರವರ್ತಕನಾದ ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ‘ಬೀಗಲ್’ ಹಡಗಿನ ಯಾತ್ರೆಯನ್ನೂ, 1859ರಲ್ಲಿ ಹೊರಬಂದ ಮಹಾಗ್ರಂಥವನ್ನೂ ನಾವೆಲ್ಲರೂ ಬಲ್ಲೆವು. ಆದರೆ ಆತನು ತಾಯಿಯನ್ನು ಎಳವೆಯಲ್ಲಿಯೂ ಮಗಳನ್ನು ನಡುವಯಸ್ಸಿನಲ್ಲಿಯೂ ಕಳೆದುಕೊಂಡವನೆಂಬುದನ್ನು ತಿಳಿದವರು ಕಡಮೆ.

ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದನು. ತಂದೆ ಹೆಸರಾಂತ ವೈದ್ಯ. ಎಂಟು ವರ್ಷದ ಬಾಲಕನಾಗಿದ್ದಾಗ, 1817ರಲ್ಲಿ, ತಾಯಿ ತೀರಿಕೊಂಡಳು. ಅಕ್ಕಂದಿರು ದುಃಖಭಾರದಿಂದ ಆಕೆಯ ಹೆಸರನ್ನೇ ಎತ್ತಲಾರದೆ ಹೋದರು. ಮಾತಿಲ್ಲದ ಮನೆಯಲ್ಲಿ ನೆನಪೂ ನಿಲ್ಲಲಿಲ್ಲ. ತಾಯಿಯ ಮರಣಶಯ್ಯೆ, ಕಪ್ಪು ಮಖಮಲ್ಲಿನ ನಿಲುವಂಗಿ, ಕೆಲಸದ ಮೇಜು: ಇವಿಷ್ಟರ ಹೊರತು ಆತನಿಗೆ ಹೆಚ್ಚೇನೂ ನೆನಪಿರಲಿಲ್ಲ. ಅಕ್ಕಂದಿರ ಮೌನವೂ ಈ ಮರೆವಿಗೆ ಒಂದು ಕಾರಣವೆಂದು ಆತನೇ ಮುಂದೆ ಬರೆದಿಟ್ಟನು.

1839ರಲ್ಲಿ ಆತನು ಸೋದರಮಾವನ ಮಗಳಾದ ಎಮ್ಮಳನ್ನು ವರಿಸಿದನು. ಆಕೆ ದೈವಭಕ್ತೆ, ಈತನು ಸಂಶಯವಾದಿ. ಗಂಡನ ಸಂಶಯವು ಪರಲೋಕದಲ್ಲಿ ತಮ್ಮಿಬ್ಬರನ್ನೂ ಅಗಲಿಸೀತೆಂದು ಅಂಜಿ ಆಕೆ ಪತ್ರವೊಂದನ್ನು ಬರೆದಳು. ಡಾರ್ವಿನ್ ಅದನ್ನು ಕಡೆಯವರೆಗೂ ಜೋಪಾನ ಮಾಡಿದನು.

1841ರಲ್ಲಿ ಹುಟ್ಟಿದ ಆನಿ ತಂದೆಯ ಕಣ್ಮಣಿ. 1851ರ ವಸಂತದಲ್ಲಿ ಆಕೆಯನ್ನು ಜಲಚಿಕಿತ್ಸೆಗಾಗಿ ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದನು. ತುಂಬು ಗರ್ಭಿಣಿಯಾದ ಎಮ್ಮ ಮನೆಯಲ್ಲಿಯೇ ಉಳಿಯಬೇಕಾಯಿತು. ಕಾಯಿಲೆ ವಿಷಮಿಸಿದಾಗ ಗಂಡಹೆಂಡಿರು ದಿನದಿನವೂ ಕಾಗದ ಬರೆದುಕೊಂಡರು. ಏಪ್ರಿಲ್ 23ರಂದು ಮಗು ಕಣ್ಮುಚ್ಚಿತು. ಡಾರ್ವಿನ್ ಶವಸಂಸ್ಕಾರಕ್ಕೂ ನಿಲ್ಲದೆ ಹೆಂಡತಿಯ ಬಳಿಗೆ ಧಾವಿಸಿದನು. ವಾರ ಕಳೆಯುವಷ್ಟರಲ್ಲಿ ಮಗಳ ಗುಣಸ್ವಭಾವಗಳನ್ನು ಕಾಗದದ ಮೇಲಿಳಿಸಿ ತೆಗೆದಿಟ್ಟನು.

ಅನಂತರ ಮನೆಯನ್ನು ಮೌನ ಆವರಿಸಿತು. ತಂದೆ ಆನಿಯ ಮಾತನ್ನೆತ್ತಿದುದನ್ನು ತಾನು ಕೇಳಲೇ ಇಲ್ಲವೆಂದೂ, ತಾಯಿ ಅಪರೂಪಕ್ಕೆ ಎತ್ತಿದಾಗ ಗಾಯ ಮಾಯದೆ ಇದ್ದುದು ತಿಳಿಯುತ್ತಿತ್ತೆಂದೂ ಕಿರಿಯ ಮಗಳು ಹೆನ್ರಿಯೆಟ್ಟಾ ಮುಂದೆ ಹೇಳಿದಳು. ಆಗ ಆಕೆಗೆ ಏಳೇ ವರ್ಷ. ತಾನು ಸತ್ತರೆ ಸ್ವರ್ಗ ಸೇರುವೆನೋ ಇಲ್ಲವೋ ಎಂಬ ಭಯ ಆ ಎಳೆಯ ಮನಸ್ಸನ್ನು ಕಾಡಿತು. ಎಮ್ಮ ಮಗಳ ಬರೆಹದ ಪೆಟ್ಟಿಗೆಯಲ್ಲಿ ಆಕೆಯ ಸಣ್ಣಪುಟ್ಟ ವಸ್ತುಗಳನ್ನು ಬಚ್ಚಿಟ್ಟಳು. ಆಕೆಗೆ ಪ್ರಾರ್ಥನೆಯ ಆಸರೆಯಿತ್ತು; ಗಂಡನಿಗೆ ಅದೂ ಇರಲಿಲ್ಲ. ಮನೆಯವರು ಇಗರ್ಜಿಗೆ ಹೋದಾಗ ಆತನು ಹೊರಗೆ ಅಡ್ಡಾಡುತ್ತಿದ್ದನು.

ಆ ದಾಂಪತ್ಯವೇನೂ ಮುರಿಯಲಿಲ್ಲ. 1882ರಲ್ಲಿ ಡಾರ್ವಿನ್ ಮಡಿಯುವವರೆಗೂ ಎಮ್ಮ ಆತನನ್ನು ತಾಯಿಯಂತೆ ಸಲಹಿದಳು. ಆದರೂ ಒಂದೇ ದುಃಖವನ್ನು ಇಬ್ಬರೂ ಮೂವತ್ತು ವರ್ಷ ಬೇರೆಬೇರೆಯಾಗಿ ಹೊತ್ತರು. ಒಬ್ಬರ ನೋವನ್ನು ಇನ್ನೊಬ್ಬರು ಕೆದಕಬಾರದೆಂಬ ಪ್ರೀತಿಯೇ ಅವರ ನಡುವೆ ತೆರೆಯಾಯಿತೇನೋ! ಸೃಷ್ಟಿಯ ಗುಟ್ಟನ್ನು ಲೋಕಕ್ಕೆ ಸಾರಿದವನು ಮನೆಯ ದುಃಖವನ್ನು ಹೇಳಿಕೊಳ್ಳಲಾರದೆ ಹೋದನು. ನಮ್ಮ ಮನೆಗಳಲ್ಲಿಯೂ ಇಂತಹ ಮುಚ್ಚಿದ ಪೆಟ್ಟಿಗೆಗಳಿಲ್ಲವೆ? ಅಗಲಿದವರ ಹೆಸರನ್ನು ಒಮ್ಮೆ ಬಾಯ್ತುಂಬ ಹೇಳಿದರೆ ಉಳಿದವರ ಎದೆ ಹಗುರವಾದೀತು.