ವಾರಪತ್ರಿಕೆ ನಡೆಸಿದ ವಕೀಲರು

 

ಹೋದ ಸಲ ನಮ್ಮ ಗೋಡೆ ಪತ್ರಿಕೆ ಸೋಮವಾರ ಬರಬೇಕಾದ್ದು ಬುಧವಾರ ಗೋಡೆಗೆ ಬಂತು. ತಪ್ಪು ನನ್ನದೇ. ಆಯ್ತವಾರ ಕುಂತು ಎಲ್ಲಾ ಒಮ್ಮೆಗೇ ಬರೆದರಾಯ್ತು ಅಂತ ಬಿಟ್ಟಿದ್ದೆ. ಆಯ್ತವಾರ ಮನೆಯಲ್ಲಿ ತೊಗರಿ ರಾಶಿ ಹೂಡಿದರು, ಡ್ರಾಯಿಂಗ್ ಶೀಟು ಹಂಗೇ ಉಳೀತು. ಎಲ್ಲರೂ ನಕ್ಕರು. ಅದಕ್ಕೇ ಈ ಸಲ, ವಾರ ವಾರ ಪತ್ರಿಕೆ ತರುವ ಕೆಲಸವನ್ನು ತಾವಾಗಿಯೇ ಹೆಗಲಿಗೆ ಹಾಕಿಕೊಂಡ ನಮ್ಮ ಜಿಲ್ಲೆಯ ಹಿರಿಯರೊಬ್ಬರ ಬಗ್ಗೆ ಬರೆದಿದ್ದೇನೆ.

ಅವರೇ ವಚನ ಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ಮುಂಬಯಿಯಲ್ಲಿ ಕಲಿತು 1904ರಲ್ಲಿ ಕಾನೂನು ಪದವಿ ಪಡೆದರು. ಮುಂದೆ ವಿಜಯಪುರಕ್ಕೆ ಬಂದು ವಕೀಲಿ ಹಿಡಿದರು. ಆಗ ಊರಿನ ಹೆಸರು ಬಿಜಾಪುರ. ವಕೀಲಿ ಒಂದನ್ನೇ ನೋಡಿಕೊಂಡಿದ್ದರೆ ದೊಡ್ಡ ಸಾಹುಕಾರರಾಗತಿದ್ರು. ಆದರೆ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಲು ಓಡಾಡಿದರು. ಇದರ ಜೊತೆಗೇ ಓಲೆಗರಿಗಳ ಕೆಲಸವೂ ಇತ್ತು.

ನಮ್ಮೂರು ನೀಲಮ್ಮ ತಾಯಿ ಐಕ್ಯವಾದ ಊರು ಅಂತ ಎಲ್ಲರಿಗೂ ಗೊತ್ತು. ಆಕೆಯ ಕಾಲದ ಶರಣರ ವಚನಗಳು ನೂರಾರು ವರ್ಷ ಮಠದ ಗಂಟುಗಳಲ್ಲಿ, ಮನೆಯ ಅಟ್ಟಗಳಲ್ಲಿ ತಾಳೆಗರಿಯ ಮೇಲೆ ಉಳಿದಿದ್ದವು. ಪೂಜೆ ಮಾಡೋರು ಇದ್ದರು, ಓದೋರು ಕಡಿಮೆ. ಹಳೇ ಗರಿ ಓದುವುದೂ ಸುಲಭ ಅಲ್ಲ. ಅಕ್ಷರ ಕಾಣಲು ಕಾಡಿಗೆ ಸವರಬೇಕು. ಪದಗಳ ನಡುವೆ ಜಾಗ ಇರೋದಿಲ್ಲ. ಒಂದು ಕಟ್ಟಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ ಎರಡನ್ನೂ ಹೋಲಿಸಿ ನೋಡಬೇಕು. ಕೊನೆಗೆ ಅಂಕಿತ ನೋಡಿ ಯಾರ ವಚನ ಅಂತ ಗೊತ್ತು ಮಾಡಬೇಕು. ಹಳಕಟ್ಟಿಯವರು ಊರೂರು ತಿರುಗಿ ಗರಿ ಕೂಡಿಸಿದರು, ಸಾವಿರಾರು ವಚನ ಬರೆದುಕೊಂಡರು. ಅಚ್ಚಿಗೆ ಕಳಿಸಿದರೆ ಮಂಗಳೂರಿನಿಂದ ಹಸ್ತಪ್ರತಿ ಹಾಗೇ ತಿರುಗಿ ಬಂತು. ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು.

ಇನ್ನೊಬ್ಬರ ಪ್ರೆಸ್ಸಿಗೆ ಕಾಯುತ್ತಾ ಕುಂತರೆ ಆಗೋದಿಲ್ಲ ಅಂತ 1925ರಲ್ಲಿ ತಮ್ಮ ಸ್ವಂತ ಮನೆ ಮಾರಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಜ್ಜಿ, ಅವರ ಹೆಂಡತಿ ಸುಮ್ಮನೆ ಬಿಟ್ಟಳೇನು ಅಂತ ಕೇಳಿದಳು! ಮರುವರ್ಷ 1926ರಲ್ಲಿ ಶಿವಾನುಭವ ಪತ್ರಿಕೆ ತೆಗೆದರು. ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದದ್ದೂ ಆ ವರ್ಷವೇ. 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ ಬೇರೆ!

ಇಲ್ಲೇ ನನಗೆ ಆಶ್ಚರ್ಯ. ಆಗ ಕಂಪ್ಯೂಟರ್ ಇರಲಿಲ್ಲ. ಒಂದೊಂದೇ ಸೀಸದ ಮೊಳೆ ಎತ್ತಿ ಸಾಲು ಜೋಡಿಸಬೇಕು. ಕನ್ನಡಕ್ಕೆ ಒತ್ತಕ್ಷರದ ಮೊಳೆ ಬೇರೆ. ಕರಡು ತೆಗೆದು, ತಿದ್ದಿ, ಆಮೇಲೆ ಅಚ್ಚು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಮನೆಗೆ ಹಾಕಿದರೇನೇ ಮುಂದಿನ ಪುಟಕ್ಕೆ ಸಿಗುತ್ತವೆ. ಒಂದು ದಿನ ತಡವಾದರೆ ಹಿಂದಿನದೆಲ್ಲಾ ತಡ. ವಾರಪತ್ರಿಕೆ ಅಂದಮೇಲೆ ಈ ವಾರದ್ದು ಅಚ್ಚಾಗುವಾಗಲೇ ಮುಂದಿನ ವಾರದ ಬರಹ ತಯಾರಿರಬೇಕು. ಇದರ ಮಧ್ಯೆ ಕೋರ್ಟಿನ ತಾರೀಖು ಯಾರಿಗೂ ಕಾಯೋದಿಲ್ಲ. ಅವರು ಸೈಕಲ್ ಮೇಲೇ ಓಡಾಡತಿದ್ರಂತೆ.

ಸಮಯ ಸಿಕ್ಕಾಗ ವಚನ ಅಚ್ಚು ಹಾಕೋಣ ಅಂದಿದ್ದರೆ ಅವರಿಗೆ ಸಮಯ ಯಾವತ್ತೂ ಸಿಗತಿರಲಿಲ್ಲ ಅಂತ ನನಗನಿಸ್ತದೆ. ಪತ್ರಿಕೆ ಅಂತ ಹೆಸರಿಟ್ಟು ಚಂದಾದಾರರನ್ನು ಮಾಡಿಕೊಂಡರೆ ತಾರೀಖು ಬಂದು ಬಾಗಿಲಿಗೆ ನಿಲ್ಲುತ್ತದೆ. ಆ ತಾರೀಖಿಗಾಗಿ ಇಷ್ಟು ಗರಿ ಓದಲೇಬೇಕು, ಇಷ್ಟು ಪುಟ ಮುಗಿಸಲೇಬೇಕು. ನಮ್ಮ ಪತ್ರಿಕೆಗೆ ಚಂದಾದಾರರಿಲ್ಲ, ಆದರೆ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಗೋಡೆ ನೋಡುವ ಐದನೆಯತ್ತೆಯ ಹುಡುಗರಿದ್ದಾರೆ.

ಇದಕ್ಕೆ ಅವರು ಕೊಟ್ಟ ಬೆಲೆಯೂ ದೊಡ್ಡದು. ಗಳಿಸಿದ್ದೆಲ್ಲಾ ಪ್ರೆಸ್ಸಿಗೆ ಹೋಯಿತು, ಬಡತನದಲ್ಲೇ ದಿನ ಕಳೆದರು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಾಗ ಅವರಿಗೆ ಎಪ್ಪತ್ತೈದು ದಾಟಿತ್ತು. 1964ರ ಜೂನ್ 29ರಂದು ವಿಜಯಪುರದಲ್ಲಿ ತೀರಿಕೊಂಡರು. ಇನ್ನು ಮೂರು ದಿನ ಕಳೆದಿದ್ದರೆ 84 ತುಂಬತಿತ್ತು.

ಮುಂದಿನ ಸಂಚಿಕೆಗೆ ಕಥೆ, ಕವನ, ಒಗಟು ಕೊಡುವವರು ಗುರುವಾರ ಸಂಜೆಯೊಳಗೆ ನನಗೆ ಕೊಡಬೇಕು. ಶುಕ್ರವಾರ ಗುರುಗಳು ತಿದ್ದುತ್ತಾರೆ. ಶನಿವಾರ ಮುಂಜಾನೆ ಸಾಲಿ ಬಿಟ್ಟ ಮೇಲೆ ಚಂದ ಅಕ್ಷರದವರು ಇಬ್ಬರು ನನ್ನ ಜೊತೆ ಕೂಡ್ರಬೇಕು. ಆಯ್ತವಾರಕ್ಕೆ ಏನೂ ಇಟ್ಟಿಲ್ಲ. ರಾಶಿ ಇನ್ನೂ ಮುಗಿದಿಲ್ಲ.