ರಾಜ್ಯ ಹೋದ ಮೇಲೆ ಆಟ ಕಟ್ಟಿದ ದೊರೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋರಿಗೆ ‘ರಾಕ್ಷಸ’ ಅಂದ್ರೆ ಹುಲಿ ತಲೆ ಇರುವ, ಅಂಗೈ ಹಿಂದುಮುಂದಾಗಿರುವ ಒಂದು ಜೀವಿ. 1977ರ ಮಾನ್ಸ್ಟರ್ ಮ್ಯಾನ್ಯುಯಲ್‌ನಿಂದ ಇವತ್ತಿನವರೆಗೂ ಹಾಗೇ ಇದೆ. ಅದರ ಪಕ್ಕದಲ್ಲಿ ಹಿಟ್ ಪಾಯಿಂಟ್ ಎಷ್ಟು, ಆರ್ಮರ್ ಎಷ್ಟು ಅಂತ ಬರೆದಿರುತ್ತೆ. ಡೈಸ್ ಹಾಕು, ಹೊಡಿ, ಮುಂದಿನ ಕೋಣೆಗೆ ಹೋಗು. ನಮ್ಮ ರಾಕ್ಷಸರನ್ನ ಇಷ್ಟು ಸಸ್ತಾ ಮಾಡಿಬಿಟ್ರಲ್ಲ ಅಂತ ನನಗೆ ಬೇಜಾರು. ಯಾಕಂದ್ರೆ ಈ ಆಟ ಹುಟ್ಟೋಕೆ ನೂರು ವರ್ಷಕ್ಕಿಂತ ಮುಂಚೆಯೇ, ದೇವರು, ಅವತಾರ, ವಿಚಿತ್ರ ಜೀವಿಗಳನ್ನೆಲ್ಲ ಇಟ್ಟುಕೊಂಡು ಟೇಬಲ್ ಮೇಲಿನ ಆಟಗಳ ದೊಡ್ಡ ಪುಸ್ತಕವನ್ನೇ ಮಾಡಿಸಿದ ಒಬ್ಬ ಮನುಷ್ಯ ಕರ್ನಾಟಕದಲ್ಲಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ್.

ಹುಟ್ಟಿದ್ದು 1794ರ ಜುಲೈ 14, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ಆಗೋದ್ರೊಳಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಸತ್ತ ಮೇಲೆ, ಬ್ರಿಟಿಷರು ಐದು ವರ್ಷದ ಈ ಹುಡುಗನನ್ನು ಮೈಸೂರಿನ ಗದ್ದುಗೆಗೆ ಕೂರಿಸಿದರು. ನಿಜವಾಗಿ ಆಡಳಿತ ನಡೆಸಿದ್ದು ದಿವಾನ್ ಪೂರ್ಣಯ್ಯ. ಮನೆಯೊಳಗೆ ಹುಡುಗನ ಬೆನ್ನಿಗೆ ನಿಂತವರು ಲಕ್ಷ್ಮಮ್ಮಣ್ಣಿ. ಹದಿನಾರರ ಹೊತ್ತಿಗೆ ಅಧಿಕಾರ ಕೈಗೆ ಬಂತು. ನಮ್ಮಲ್ಲಿ ಆ ವಯಸ್ಸಿಗೆ ಪಿಯುಸಿ ಅಡ್ಮಿಷನ್ ಮಾಡಿಸಿರ್ತಾರೆ ಅಷ್ಟೇ!

ಆಮೇಲಿನ ಇಪ್ಪತ್ತು ವರ್ಷದ ಲೆಕ್ಕ ಅಷ್ಟು ಚೆನ್ನಾಗಿಲ್ಲ. ಕಂದಾಯ ವಸೂಲಿಯ ‘ಶರತ್ತು’ ಪದ್ಧತಿಯಲ್ಲಿ ಅಮಲ್ದಾರರು ಇಷ್ಟು ಹಣ ಕೊಟ್ಟೇ ಕೊಡ್ತೀವಿ ಅಂತ ಒಪ್ಪಿಕೊಂಡು, ಅದನ್ನ ರೈತರಿಂದ ಹಿಂಡುತ್ತಿದ್ದರು. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಅದೇ ನೆಪ ಸಿಕ್ಕಿತು ಅಂತ 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕಿತ್ತುಕೊಂಡರು. ದೊರೆಯ ಅಭಿಮಾನಿಗಳು ಬ್ರಿಟಿಷರ ತಪ್ಪು ಮಾತ್ರ ಹೇಳ್ತಾರೆ. ಆದರೆ ರೈತರು ಸುಮ್ಮಸುಮ್ಮನೆ ದಂಗೆ ಎದ್ದಿರಲಿಲ್ಲ, ಅದನ್ನೂ ಹೇಳಬೇಕು.

ಆವಾಗ ಅವರಿಗೆ 37 ವರ್ಷ. ಮುಂದೆ ಬದುಕಿದ್ದೂ ಹೆಚ್ಚುಕಮ್ಮಿ ಅಷ್ಟೇ, 36 ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಬಿರುದು ಇದೆ, ಅರಮನೆ ಇದೆ, ದಸರಾ ಇದೆ, ಆದರೆ ಸಹಿಗೆ ಬೆಲೆ ಇಲ್ಲ. ರಾಜ್ಯ ವಾಪಸ್ ಕೊಡಿ ಅಂತ ಬ್ರಿಟಿಷರಿಗೆ ಮತ್ತೆ ಮತ್ತೆ ಅರ್ಜಿ ಹಾಕಿದರು, ಕೊಡಲಿಲ್ಲ. ಈ ಖಾಲಿ ಸಮಯದಲ್ಲಿ ಅವರ ಆಸ್ಥಾನ ಕವಿಗಳು, ಚಿತ್ರಕಾರರು, ಪಂಡಿತರಿಂದ ತುಂಬಿಹೋಯಿತು. ಅಲ್ಲಿ ತಯಾರಾಗಿದ್ದು ‘ಶ್ರೀತತ್ತ್ವನಿಧಿ’ ಅನ್ನೋ ಸಚಿತ್ರ ಗ್ರಂಥ. ಒಂಬತ್ತು ನಿಧಿಗಳು: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೊನೆಯದು ಕೌತುಕ. ಗಣಪತಿಯೊಬ್ಬನಿಗೇ 32 ರೂಪ. ಕೌತುಕ ನಿಧಿಯಲ್ಲಿ ಆಟಗಳಿವೆ, 122 ಯೋಗಾಸನಗಳ ಚಿತ್ರಗಳೂ ಇವೆ.

ನಾನು ಇದನ್ನ ನಮ್ಮ ಮಾನ್ಸ್ಟರ್ ಮ್ಯಾನ್ಯುಯಲ್ ಅಂತ ಕರೀತೀನಿ. ಭಕ್ತರು ಸಿಟ್ಟು ಮಾಡ್ಕೋಬೇಡ್ರಿ, ಹೋಲಿಕೆ ಬರೇ ಪುಸ್ತಕದ ರಚನೆಗೆ. ಶರಭಮೂರ್ತಿಯನ್ನೇ ನೋಡಿ. ಮೂವತ್ತು ಕೈ, ಒಂದೊಂದರಲ್ಲೂ ಏನೇನಿರಬೇಕು ಅಂತ ವಿವರ ಇದೆ: ವಜ್ರ, ಚಕ್ರ, ಅಂಕುಶ, ಕತ್ತಿ, ಜಪಮಾಲೆ, ಪಾಶ... ಆದರೆ ಇದನ್ನ ಸಾಯಿಸೋಕೆ ಎಷ್ಟು ಪಾಯಿಂಟ್ ಬೇಕು ಅನ್ನೋ ಮಾತೇ ಇಲ್ಲ. ಹಾಗಾಗಿ ಶರಭನನ್ನು ಆಟಕ್ಕೆ ತರಬೇಕಂದ್ರೆ ಆಟ ನಡೆಸೋನು ಬೇರೆ ಪ್ರಶ್ನೆ ಕೇಳಲೇಬೇಕು. ಇದು ಯಾಕೆ ಬಂತು?

ಉತ್ತರ ಪುರಾಣದಲ್ಲಿದೆ, ಅದೂ ಎಂಥಾ ಉತ್ತರ! ಹಿರಣ್ಯಕಶಿಪು ರೂಲ್‌ಬುಕ್ ಓದಿಕೊಂಡ ಆಟಗಾರ. ಮನುಷ್ಯ ಕೊಲ್ಲಬಾರದು, ಪ್ರಾಣಿ ಕೊಲ್ಲಬಾರದು, ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ ಅಂತ ಎಲ್ಲ ಕಡೆ ಬಾಗಿಲು ಹಾಕಿಸಿಕೊಂಡ. ನರಸಿಂಹ ಅಂದ್ರೆ ಆ ರೂಲ್ಸ್ ನಡುವೆ ಉಳಿದ ಸಂದು. ಹಿರಣ್ಯಕಶಿಪು ಸತ್ತ, ಆದರೆ ನರಸಿಂಹನ ಕೋಪ ಇಳಿಯಲಿಲ್ಲ. ಅವನನ್ನು ತಣ್ಣಗೆ ಮಾಡೋಕೆ ಶಿವ ಶರಭನಾಗಿ ಬಂದ ಅಂತ ಶೈವರು ಹೇಳ್ತಾರೆ. ಅಷ್ಟಕ್ಕೇ ಮುಗೀಲಿಲ್ಲ, ಶರಭನನ್ನು ಹಿಡಿಯೋಕೆ ವಿಷ್ಣು ಎರಡು ತಲೆಯ ಗಂಡಭೇರುಂಡನಾದ ಅಂತ ವೈಷ್ಣವರು ಹೇಳ್ತಾರೆ. ಒಂದು ಸಮಸ್ಯೆಗೆ ತಂದ ಪರಿಹಾರವೇ ಮುಂದಿನ ಸಮಸ್ಯೆ. ಆರು ತಿಂಗಳ ಕ್ಯಾಂಪೇನ್‌ಗೆ ಇಷ್ಟು ಸಾಕು. ಆಟಗಾರರು ಯಾರ ಕಡೆ ನಿಲ್ತಾರೋ, ಅದರ ಮೇಲೆ ಯಾವುದು ಮಾನ್ಸ್ಟರ್ ಅನ್ನೋದೇ ಬದಲಾಗುತ್ತೆ.

ಗಂಡಭೇರುಂಡ ಮೈಸೂರು ಒಡೆಯರ ಲಾಂಛನ. ಈಗ ಕರ್ನಾಟಕ ಸರ್ಕಾರದ್ದು. ಸರ್ಕಾರಿ ಪತ್ರದ ತಲೆ ಮೇಲೆ ಒಮ್ಮೆ ಗಮನವಿಟ್ಟು ನೋಡಿ: ನಡುವೆ ಗಂಡಭೇರುಂಡ, ಆ ಕಡೆ ಈ ಕಡೆ ಸಿಂಹದ ಮೈ, ಆನೆ ಸೊಂಡಿಲಿನ ಶರಭಗಳು. ಕಥೆಯಲ್ಲಿ ಹೊಡೆದಾಡಿದವರು ಇಲ್ಲಿ ಒಂದೇ ಟೀಮ್.

ಅವರ ಇಸ್ಪೀಟು ಇನ್ನೂ ಮಜಾ. ಗಂಜೀಫಾ ಅನ್ನೋ ದುಂಡನೆಯ ಎಲೆಗಳಾಟ ಮೊದಲೇ ಇತ್ತು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಜಾತಿ, ಒಂದೊಂದಕ್ಕೆ 12 ಎಲೆ, ಒಟ್ಟು 120. ಅರ್ಧ ಜಾತಿಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಲೆಕ್ಕ ಉಲ್ಟಾ, ಒಂದೇ ದೊಡ್ಡದು. ಹಗಲು ಆಡಿದ್ರೆ ರಾಮನ ಎಲೆ ಇದ್ದವರು ಶುರು ಮಾಡಬೇಕು, ರಾತ್ರಿ ಆದ್ರೆ ಕೃಷ್ಣನ ಎಲೆ. ಅಂದ್ರೆ ಪಾತ್ರ ಬರೇ ಚಿತ್ರವಾಗಿ ಕೂತಿಲ್ಲ, ಆಟದ ನಿಯಮವನ್ನೇ ಬದಲಿಸುತ್ತೆ. ಮುಮ್ಮಡಿಯವರು ಇದನ್ನ ಹಿಡಿದು ಎಳೆದಾಡಿದರು. ಕೌತುಕ ನಿಧಿಯಲ್ಲಿ 13 ಬಗೆಯ ಎಲೆಯಾಟ ಇದೆ, ಅವನ್ನ ‘ಛದ’ ಅಂತಾರೆ. ಕೆಲವದರಲ್ಲಿ 18 ಜಾತಿ, ಜಾತಿಗೆ 12 ಅಂಕಿ ಎಲೆ, 6 ಚಿತ್ರದ ಎಲೆ. ಕಾಯಂ ಹುಕುಂ ಕೂಡ ಇದೆ. ನಾಲ್ಕು ಜಾತಿಯ ರಮ್ಮಿಯಲ್ಲೇ ಲೆಕ್ಕ ತಪ್ಪೋ ನಮಗೆ ಇದು ಪೂರ್ತಿ ಸೆಮಿಸ್ಟರ್ ಸಿಲಬಸ್!

ಅವರು ಚದುರಂಗದ ಕುದುರೆಯನ್ನೂ ಬಿಡಲಿಲ್ಲ. ಒಂದು ಮನೆಗೆ ಒಂದೇ ಸಲ ಕಾಲಿಟ್ಟು 64 ಮನೆ ಸುತ್ತುವ ದಾರಿಗಳನ್ನು ಕಟ್ಟಿದರು. ಅಲ್ಗಾರಿದಮ್ ಲ್ಯಾಬ್‌ನಲ್ಲಿ ನಾವು ಬರೆಯೋ ಎನ್-ಕ್ವೀನ್ಸ್ ಪ್ರೋಗ್ರಾಮಿನ ಅಣ್ಣತಮ್ಮ ಅದು, ಬ್ಯಾಕ್‌ಟ್ರ್ಯಾಕಿಂಗ್. ಕಂಪ್ಯೂಟರ್ ಇಲ್ಲದೆ ಅರಮನೆಯಲ್ಲಿ ಕೂತು ಮಾಡಿದ್ದು. ತಮ್ಮ ಕೀರ್ತನೆಗಳಿಗೆ ಅಂಕಿತ ಚಾಮುಂಡಿಯದು. ಚಾಮುಂಡಿ ಬೆಟ್ಟದ ಗೋಪುರವೂ ಇವರ ಕಾಲದ್ದೇ. ಊರಿನ ಹೆಸರು ಮಾತ್ರ ಆಕೆ ಕೊಂದ ಮಹಿಷನದು, ಅದನ್ನ ಯಾರೂ ಬದಲಿಸಲಿಲ್ಲ.

ಇದನ್ನೆಲ್ಲ ಸೋತವನ ಟೈಮ್‌ಪಾಸ್ ಅಂತ ಹೇಳೋದು ಸುಲಭ. ನನಗೆ ಹಾಗನಿಸಲ್ಲ. ನಿಯಮ ಮಾಡುವ ಹಕ್ಕು ಕಳಕೊಂಡವನು, ತನ್ನ ನಿಯಮವೇ ನಡೆಯುವ ಒಂದು ಜಾಗ ಮಾಡಿಕೊಂಡ ಹಾಗಿದೆ.

ಸ್ವಂತ ಗಂಡು ವಾರಸುದಾರ ಇರಲಿಲ್ಲ. 1865ರಲ್ಲಿ ಪುಟ್ಟ ಚಾಮರಾಜೇಂದ್ರರನ್ನು ದತ್ತು ತಗೊಂಡರು. 1868ರ ಮಾರ್ಚ್ 27ರಂದು ತೀರಿಕೊಂಡರು. ಅವರು ಬೇಡಿದ ರಾಜ್ಯ 1881ರಲ್ಲಿ ದತ್ತುಮಗನಿಗೆ ವಾಪಸ್ ಬಂತು. 1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆ ಈಗ ಚಿತ್ರಶಾಲೆ.

ಮೈಸೂರು ದೂರ ಆಯ್ತು ಅನ್ನೋರಿಗೆ ಒಂದು ಮಾತು. ಉದ್ಯಮಬಾಗದಿಂದ ಆಂಬೋಲಿ ಘಾಟ್ ಇಳಿದು ಎರಡು-ಮೂರು ತಾಸು ಹೋದ್ರೆ ಸಾವಂತವಾಡಿ. ಅಲ್ಲಿಯ ಅರಮನೆಯಲ್ಲಿ ಇವತ್ತಿಗೂ ಕೈಯಲ್ಲೇ ಬಣ್ಣ ಹಾಕಿ ದಶಾವತಾರ ಗಂಜೀಫಾ ಮಾಡ್ತಾರೆ. ಮುಂಜಾನೆ ಬಸ್ಸಿಗೆ ಹೋದ್ರೆ ರಾಮನ ಎಲೆಯಿಂದಲೇ ಶುರು ಮಾಡಬಹುದು.