ಸೆರೆಮನೆಯಲ್ಲೂ ಸಂಗ ಕಟ್ಟಿದ ಸ್ನೇಹಲತಾ ರೆಡ್ಡಿ

ಜೈಲಿಗೆ ಹೋದವರ ಸಹವಾಸ ಬೇಡ ಅಂತ ಮನೆಯಲ್ಲಿ ಮಕ್ಕಳಿಗೆ ನಾವು ಹೇಳ್ತೇವೆ. ಸರಿ. ಆದರೆ ಜೈಲಿನ ಒಳಗೇ ದಿನ ಕಳೆಯಬೇಕಾದವರಿಗೆ ಒಳ್ಳೆಯ ಸಹವಾಸ ಎಲ್ಲಿಂದ ಸಿಗಬೇಕು? ಈ ಪ್ರಶ್ನೆ ಬಂದಾಗ ನಮಗೆ ನೆನಪಾಗುವುದು ಸ್ನೇಹಲತಾ ರೆಡ್ಡಿ.

1932ರಲ್ಲಿ ಹುಟ್ಟಿದ ಅವರು ರಂಗಭೂಮಿಯ ಕಲಾವಿದೆ. ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 'ಸಂಸ್ಕಾರ' (1970) ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದವರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಈ ದಂಪತಿಗೆ ಗೆಳೆಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಆ ಗೆಳೆತನವೇ ಅಪರಾಧವಾಯಿತು. 1976ರ ಮೇ 2ರಂದು ಸ್ನೇಹಲತಾರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ, ವಿಚಾರಣೆಯೇ ಇಲ್ಲದೆ, ಎಂಟು ತಿಂಗಳು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿಟ್ಟರು.

ಅದೇ ಜೈಲಿನಲ್ಲಿ ಅಡ್ವಾಣಿ, ಮಧು ದಂಡವತೆಯಂಥ ನಾಯಕರಿದ್ದರು. ಪಕ್ಷ ಬೇರೆಯಾದರೂ ಅವರಿಗೆ ಪರಸ್ಪರ ಮಾತಿಗೆ ಜನ ಇತ್ತು. ಸ್ನೇಹಲತಾ ಮಾತ್ರ ಒಂಟಿ ಕೋಣೆಯಲ್ಲಿ. ಜೊತೆಗೆ ತೀವ್ರ ಉಬ್ಬಸ, ಸರಿಯಾದ ಚಿಕಿತ್ಸೆಯೂ ಇಲ್ಲ. ರಾತ್ರಿಯ ಮೌನದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ದಂಡವತೆ ಮುಂದೆ ಬರೆದಿದ್ದಾರೆ.

ಸುತ್ತ ಇದ್ದವರು ಬೇರೆ ಬೇರೆ ಕೇಸಿನಲ್ಲಿ ಬಂದಿದ್ದ ಹೆಂಗಸರು. ಇವರೆಲ್ಲಿ ನಾನೆಲ್ಲಿ ಅಂತ ಸ್ನೇಹಲತಾ ದೂರ ಕೂರಲಿಲ್ಲ. ಹೊಸದಾಗಿ ಬಂದ ಕೈದಿಗಳನ್ನು ಎಲ್ಲರೆದುರು ಬೆತ್ತಲೆ ಮಾಡಿ ತಪಾಸಣೆ ಮಾಡುವುದನ್ನು ಪ್ರತಿಭಟಿಸಿದರು. ಹೊಡೆತದ ವಿರುದ್ಧ ದನಿ ಎತ್ತಿದರು, ಊಟಕ್ಕಾಗಿ ಜಗಳ ಮಾಡಿದರು. ಹೊಡೆತ ಕಡಿಮೆಯಾಯಿತು, ಊಟ ಸ್ವಲ್ಪ ಸುಧಾರಿಸಿತು. ಕುಗ್ಗಿದ್ದ ಆ ಹೆಂಗಸರಿಗೆ ಧೈರ್ಯ ತುಂಬಿದರು. ಒಳ್ಳೆಯ ಸಂಗ ಸಿಗದಿದ್ದಾಗ ತಾವೇ ಇತರರಿಗೆ ಒಳ್ಳೆಯ ಸಂಗವಾದರು.

ದೇಹ ಮಾತ್ರ ತಡೆಯಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು. ಜೈಲಿನಲ್ಲಿ ಬರೆದಿಟ್ಟ ದಿನಚರಿ ಉಳಿಯಿತು.

ಗದಗದ ಜೈಲಾಗಲಿ, ಮಂಗಳೂರಿನ ಜೈಲಾಗಲಿ, ವಿಚಾರಣೆ ಮುಗಿಯದೆ ಕಾಯುತ್ತಿರುವ ಮಕ್ಕಳು ಇವತ್ತೂ ಇದ್ದಾರೆ. ಅವರನ್ನು ನೋಡಲು ಹೋಗುವ ಉಮ್ಮಂದಿರು ಬಟ್ಟೆ, ದುಡ್ಡಿನ ಜೊತೆ ಒಂದು ಮಾತನ್ನೂ ಕೊಟ್ಟು ಬರಲಿ: ಯಾರ ಜೊತೆ ಕೂರ್ತೀಯಾ ನೋಡ್ಕೋ, ನಿನ್ನ ಪಕ್ಕ ಕೂತವನೂ ನಿನ್ನಿಂದ ಕೆಡದ ಹಾಗೆ ಇರು. ಹೊರಗಿರುವ ನಾವೂ ಒಂದು ಕೆಲಸ ಮಾಡೋಣ. ಬಿಡುಗಡೆಯಾಗಿ ಬಂದವನ ಮುಖಕ್ಕೆ ಬಾಗಿಲು ಹಾಕದಿರೋಣ. ನಾವು ದೂರ ತಳ್ಳಿದರೆ ಅವನು ಹಳೆಯ ಸಹವಾಸಕ್ಕೇ ಮರಳಬೇಕಾಗುತ್ತದೆ.